ಕಟ್ಟು ಚೆಲ್ಲಿ ಅಂದರೆ ಚೆಲ್ಲಿ

ಕಿಡ್ನಿ ಕಾಯಿಲೆ ಅಂತ ರಿಪೋರ್ಟ್ ಬಂದ ಮನೆಗೆ ಎಳನೀರು, ಬಾಳೆಹಣ್ಣು ಹೊತ್ತುಕೊಂಡು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಮ್ಮ ದಾವಣಗೆರೆ ಜನಕ್ಕೆ ಬರಿಗೈಯಲ್ಲಿ ಹೋಗಿ ಗೊತ್ತಿಲ್ಲ, ಸರಿ. ಗಟ್ಟಿಮುಟ್ಟಾಗಿರುವವರಿಗೆ ಅವೆಲ್ಲ ಒಳ್ಳೆಯದೇ. ಆದರೆ ಅವುಗಳಲ್ಲಿ ಪೊಟ್ಯಾಶಿಯಂ ಅನ್ನುವ ಖನಿಜ ಜಾಸ್ತಿ, ರಕ್ತದಲ್ಲಿ ಅದು ಏರಿದೆ ಅಂತ ಡಾಕ್ಟರ್ ಹೇಳಿದ ಮೇಲೆ ಲೆಕ್ಕವೇ ಬೇರೆ. ಸೋತ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ಹೃದಯದ ಬಡಿತವೇ ತಪ್ಪಬಹುದು. ‘ನ್ಯಾಚುರಲ್ ಅಲ್ವಾ ಅಜ್ಜಿ’ ಅನ್ನುತ್ತಾರೆ. ನ್ಯಾಚುರಲ್ಲೇ, ಅದಕ್ಕೇನೀಗ?

ನಮ್ಮತ್ತೆ ಚಳ್ಳಕೆರೆ ಕಡೆಯವರು. ಸೊಪ್ಪು-ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲಿದರೆ ಮನೆ ಎದ್ದು ಕೂರುವ ಹಾಗೆ ಬೈಯುತ್ತಿದ್ದರು. ಸತ್ವವೆಲ್ಲ ಅದರಲ್ಲೇ ಅಂತ ಬಸ್ಸಾರು ಮಾಡಿಸಿ ಮುದ್ದೆಗೆ ಬಡಿಸುತ್ತಿದ್ದರು. ಮಾತು ಸರಿಯೇ. ಸತ್ವದ ಜೊತೆ ಪೊಟ್ಯಾಶಿಯಂ ಕೂಡ ಅದರಲ್ಲಿ ಇಳಿಯುವುದಕ್ಕೇ ಈ ರೋಗಿಗೆ ಅದು ಬೇಡ. ನಮ್ಮ ಯಜಮಾನರಿಗೆ ತೊಂದರೆ ಶುರುವಾದ ಮೇಲೆ ನನ್ನ ಅಡುಗೆಯೇ ಉಲ್ಟಾ ಆಯಿತು.

ಆಲೂಗೆಡ್ಡೆ, ಗೆಣಸು, ಕ್ಯಾರೆಟ್ ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ. ದಪ್ಪ ಹೋಳು ಒಳಗಿನದನ್ನು ಬಿಟ್ಟುಕೊಡುವುದಿಲ್ಲ. ಈಳಿಗೆ ಮೊಂಡಾಗಿದ್ದರೆ ಮೊದಲು ಸಾಣೆ ಹಿಡಿಸಿ, ಈಗಿನ ಮನೆಗಳಲ್ಲಿ ಹರಿತವಾದ ಒಂದು ಚಾಕೂ ಸಿಗುವುದಿಲ್ಲ. ಹೆಚ್ಚಿದ್ದನ್ನು ತೊಳೆದು ದೊಡ್ಡ ಪಾತ್ರೆಗೆ ಹಾಕಿ, ಹೋಳು ಈಜಾಡುವಷ್ಟು ಬೆಚ್ಚನೆಯ ನೀರು ಹಾಕಿ. ಕೈ ಇಟ್ಟರೆ ಹಿತ ಅನ್ನಿಸಬೇಕು. ಒಂದೆರಡು ಗಂಟೆ ಬಿಡಿ. ಬಸಿದು, ಮತ್ತೆ ತೊಳೆದು, ಹೊಸ ನೀರು ಧಾರಾಳವಾಗಿ ಇಟ್ಟು ಕುದಿಸಿ. ಆ ನೀರನ್ನೂ ಬಸಿಯಿರಿ. ಸೊಪ್ಪನ್ನೂ ಕುದಿಸಿ ಬಸಿಯಿರಿ. ಒಗ್ಗರಣೆ ಆಮೇಲೆ. ನಮ್ಮ ಸೊಸೆ ನೆನೆಸುವುದೇನೋ ನೆನೆಸುತ್ತಾಳೆ, ಆಮೇಲೆ ಕುಕ್ಕರಿಗೆ ಒಂದೇ ಲೋಟ ನೀರು ಹಾಕಿ ಮೂರು ಸಲ ಕೂಗಿಸಿ ನೀರಿನ ಸಮೇತ ಪಲ್ಯ ಮಾಡುತ್ತಾಳೆ. ಬಸಿಯದೆ ಪೊಟ್ಯಾಶಿಯಂ ಎಲ್ಲಿಗೆ ಹೋಗಬೇಕು? ಇಷ್ಟು ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ, ತಟ್ಟೆ ತುಂಬಾ ಬಡಿಸಬೇಡಿ.

ಬಿಪಿಗೆ ಒಳ್ಳೆಯದು ಅಂತ ಸೋಡಿಯಂ ಕಡಿಮೆ ಇರುವ ಉಪ್ಪು ತರಬೇಡಿ. ಅದರಲ್ಲಿ ಸೋಡಿಯಂ ಬದಲಿಗೆ ಸೇರಿಸಿರುವುದೇ ಪೊಟ್ಯಾಶಿಯಂ. ಮಾಮೂಲಿ ಉಪ್ಪನ್ನೇ ಕಡಿಮೆ ಹಾಕಿ, ಸಂಜೆಯ ಮಂಡಕ್ಕಿ-ಮಿರ್ಚಿಯ ಉಪ್ಪನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬೇಳೆ, ಮೊಟ್ಟೆ ಕಡಿಮೆ ಮಾಡಿ ಅಂದ ಡಾಕ್ಟರೇ, ಕಿಡ್ನಿ ಬದಲಿಗೆ ರಕ್ತ ಸೋಸುವ ಡಯಾಲಿಸಿಸ್ ಶುರುವಾದ ಮೇಲೆ ಜಾಸ್ತಿ ತಿನ್ನಿ ಅನ್ನುತ್ತಾರೆ. ಡಯಾಲಿಸಿಸ್‌ನಲ್ಲಿ ಪ್ರೋಟೀನ್ ಸೋರಿಹೋಗುತ್ತದಲ್ಲ, ಹಾಗಾಗಿ ದಿನಕ್ಕೆ ಕಿಲೋ ತೂಕಕ್ಕೆ ಸುಮಾರು 0.6–0.8 ಗ್ರಾಂ ಇದ್ದದ್ದು 1.0–1.2ಕ್ಕೆ ಏರುತ್ತದೆ. ಫ್ರಿಜ್ಜಿಗೆ ಅಂಟಿಸಿದ ಹಳೇ ಚೀಟಿ ನೋಡಿಕೊಂಡು ರೋಗಿಯನ್ನು ಸುಮ್ನೆ ಒಣಗಿಸಬೇಡಿ. ಅದನ್ನು ಕಿತ್ತು ಹಾಕಿ, ಹೊಸದು ಬರೆಸಿಕೊಂಡು ಬನ್ನಿ.