ಮೆಕ್ಕಲು ಮಣ್ಣಿನ ಮೇಲಿನ ನಗರ: ಭೂಕಂಪದ ಅಪಾಯ ಅಳೆಯುವುದು ಹೇಗೆ?

ಭೂಕಂಪದ ಮಾತು ಬಂದರೆ ಸಾಕು, 'ಸ್ತರಭಂಗ ಇಲ್ಲಿಂದ ಎಷ್ಟು ದೂರ?' ಎಂದು ಕೇಳುತ್ತಾರೆ. ಸ್ತರಭಂಗವೆಂದರೆ ಭೂಕಂಪವಾದಾಗ ಬಂಡೆಗಳು ಜಾರುವ, ನೆಲದಡಿಯ ಬಿರುಕು. ಮಣ್ಣು ಪರೀಕ್ಷೆಯ ಕೆಲಸದಲ್ಲಿರುವ ನಾನು ಬೇರೆ ಪ್ರಶ್ನೆಯಿಂದ ಆರಂಭಿಸುತ್ತೇನೆ: ಹಾಸುಬಂಡೆ ಸಿಗುವ ತನಕ ಎಷ್ಟು ಆಳ ಮಣ್ಣಿದೆ, ಆ ಮಣ್ಣು ಎಷ್ಟು ಮೆದು? 1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೋದ ಪೆಸಿಫಿಕ್ ಕರಾವಳಿಯಲ್ಲಿ 8.0 ಪರಿಮಾಣದ ಭೂಕಂಪವಾಯಿತು. ರಾಜಧಾನಿ ಮೆಕ್ಸಿಕೋ ನಗರ ಅಲ್ಲಿಂದ ಸುಮಾರು 350 ಕಿಲೋಮೀಟರ್ ದೂರ. ಆದರೂ ಅಲ್ಲಿ ಸಾವಿರಾರು ಜನ ಸತ್ತರು. ಬಿದ್ದ ಕಟ್ಟಡಗಳಲ್ಲಿ ಹೆಚ್ಚಿನವು ಬತ್ತಿದ ಸರೋವರದ ಜೇಡಿಮಣ್ಣಿನ ಮೇಲಿದ್ದವು. ಅದೇ ನಗರದ ಗಟ್ಟಿ ನೆಲದ ಬಡಾವಣೆಗಳಲ್ಲಿ ಹಾನಿ ತೀರಾ ಕಡಿಮೆ. ದೂರವನ್ನು ನಂಬಿ ನೆಮ್ಮದಿಯಾಗಿರುವಂತಿಲ್ಲ.

ಮೊದಲ ಕೆಲಸ ಹಳೆಯ ದಾಖಲೆ ಹುಡುಕುವುದು. ಸೇತುವೆ, ಮೆಟ್ರೋ, ಎತ್ತರದ ಕಟ್ಟಡಗಳಿಗಾಗಿ ಕೊರೆದ ರಂಧ್ರಗಳ ವರದಿಗಳನ್ನು ಒಟ್ಟುಮಾಡಿ. ಅವುಗಳಲ್ಲಿ 'ಎನ್ ಮೌಲ್ಯ' ಎಂಬ ಕಾಲಂ ಇರುತ್ತದೆ. 63.5 ಕಿಲೋ ತೂಕದ ಸುತ್ತಿಗೆಯನ್ನು 75 ಸೆಂಟಿಮೀಟರ್ ಎತ್ತರದಿಂದ ಬೀಳಿಸುತ್ತಾ ಕೊಳವೆಯನ್ನು 45 ಸೆಂಟಿಮೀಟರ್ ಇಳಿಸುತ್ತಾರೆ. ಮೊದಲ 15 ಸೆಂಟಿಮೀಟರ್ ಬಿಟ್ಟು, ಉಳಿದ 30ಕ್ಕೆ ಎಷ್ಟು ಪೆಟ್ಟು ಬೇಕಾಯಿತೋ ಅದೇ ಎನ್. ಐವತ್ತು ದಾಟಿದರೆ ಗಟ್ಟಿ ನೆಲ. ಕೆಲವು ಜೇಡಿಮಣ್ಣಿನಲ್ಲಿ ಸುತ್ತಿಗೆ ಎತ್ತುವುದೇ ಬೇಡ, ಅದರ ಭಾರಕ್ಕೇ ಕೊಳವೆ ಇಳಿದುಬಿಡುತ್ತದೆ. ವರದಿಯಲ್ಲಿ ಸೊನ್ನೆ ಎಂದು ಬರೆದಿರುತ್ತದೆ. ಅಂಥ ಸೊನ್ನೆಗಳು ಸಾಲಾಗಿ ಕಂಡರೆ ಆ ಜಾಗಕ್ಕೆ ನಕ್ಷೆಯಲ್ಲಿ ಕೆಂಪು ಗುರುತು ಹಾಕಿ.

ಮುಂದಿನದು ನೆಲದ ಸ್ವಂತ ತೂಗಾಟದ ಅವಧಿ, ಅಂದರೆ ನೆಲ ಒಮ್ಮೆ ಆಚೀಚೆ ತೂಗಿ ಬರಲು ಹಿಡಿಯುವ ಸಮಯ. ಲೆಕ್ಕ ಸರಳ: ಮಣ್ಣಿನ ದಪ್ಪವನ್ನು ನಾಲ್ಕರಿಂದ ಗುಣಿಸಿ, ಆ ಮಣ್ಣಿನಲ್ಲಿ ಎಸ್ ಅಲೆ (ನೆಲವನ್ನು ಅಡ್ಡಕ್ಕೆ ಅಲುಗಿಸುವ ಭೂಕಂಪದ ಅಲೆ) ಸಾಗುವ ವೇಗದಿಂದ ಭಾಗಿಸಿ. ದಪ್ಪ 40 ಮೀಟರ್, ವೇಗ ಸೆಕೆಂಡಿಗೆ 80 ಮೀಟರ್ ಎಂದಾದರೆ ಅವಧಿ 2 ಸೆಕೆಂಡ್. ಕಟ್ಟಡಕ್ಕೂ ಇಂಥದೇ ಅವಧಿಯಿದೆ. ಸ್ಥೂಲವಾಗಿ ಅಂತಸ್ತಿಗೆ 0.1 ಸೆಕೆಂಡ್. ಎರಡೂ ಹೊಂದಿಕೊಂಡಾಗ ತೂಗಾಟ ಏರುತ್ತಲೇ ಹೋಗುತ್ತದೆ. ಮೆಕ್ಸಿಕೋ ನಗರದ ನೆಲ ಅಂದು ಸುಮಾರು 2 ಸೆಕೆಂಡಿನ ಅವಧಿಯಲ್ಲಿ ತೂಗಿತು. ಹೆಚ್ಚು ಪೆಟ್ಟು ತಿಂದದ್ದು 6ರಿಂದ 15 ಅಂತಸ್ತಿನ ಕಟ್ಟಡಗಳು. ಬಿರುಕು ಬಿಟ್ಟ ಕಟ್ಟಡದ ಅವಧಿ ಇನ್ನೂ ಉದ್ದವಾಗುತ್ತದೆ, ಹಾಗಾಗಿ ಅದು 2 ಸೆಕೆಂಡಿನತ್ತ ತಾನೇ ಸರಿಯುತ್ತದೆ.

ರಂಧ್ರ ಕೊರೆಯಲು ಹಣವಿಲ್ಲದಿದ್ದರೆ ನೆಲದ ಸಹಜ ನಡುಕವನ್ನೇ ದಾಖಲಿಸಬಹುದು. ಮೂರು ದಿಕ್ಕುಗಳ ಚಲನೆ ಹಿಡಿಯುವ ಕಂಪನಮಾಪಕವನ್ನು ರಾತ್ರಿ, ವಾಹನ ಸಂಚಾರ ಕಡಿಮೆಯಾದ ಮೇಲೆ ಇಡಿ. ಗಾಳಿಗೆ ಅಲುಗುವ ಮರದ ಬುಡ ಬೇಡ, ಚರಂಡಿಯ ಮೇಲೂ ಬೇಡ. ಮಟ್ಟದ ಗುಳ್ಳೆ ನಡುವೆ ನಿಂತ ಮೇಲೆ ಅರ್ಧ ಗಂಟೆ ಅದರ ಹತ್ತಿರ ಓಡಾಡಬೇಡಿ; ಮಣ್ಣು ಬಹಳ ಆಳವಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಸಮತಲ ಚಲನೆಯನ್ನು ಲಂಬ ಚಲನೆಯಿಂದ ಭಾಗಿಸಿದ ರೇಖೆಯಲ್ಲಿ ಶಿಖರ ಎಲ್ಲಿದೆಯೋ ಅದೇ ನೆಲದ ಆವರ್ತನ, 0.5 ಹರ್ಟ್ಸ್ ಎಂದರೆ 2 ಸೆಕೆಂಡಿನ ಅವಧಿ. ಸೂಜಿಯಂತೆ ಚೂಪಾದ ಶಿಖರ ಕಂಡರೆ ಹತ್ತಿರದಲ್ಲಿ ಮೋಟಾರು ಓಡುತ್ತಿದೆಯೇ ನೋಡಿ. ಶಿಖರದ ಎತ್ತರವನ್ನು ಮಾತ್ರ 'ಕಂಪನ ಇಷ್ಟು ಪಟ್ಟು ಹೆಚ್ಚಾಗುತ್ತದೆ' ಎಂದು ಓದಬೇಡಿ. ಶಿಖರ ಅವಧಿಯನ್ನು ಹೇಳುತ್ತದೆ, ವರ್ಧನೆಯನ್ನಲ್ಲ.

ಹಲವು ಕಟ್ಟಡ ಸಂಹಿತೆಗಳು ಮೇಲಿನ 30 ಮೀಟರಿನಲ್ಲಿ ಎಸ್ ಅಲೆಯ ಸರಾಸರಿ ವೇಗವನ್ನು ನೋಡುತ್ತವೆ. ಸೆಕೆಂಡಿಗೆ 180 ಮೀಟರಿಗಿಂತ ಕಡಿಮೆಯಿದ್ದರೆ ಬಹಳ ಮೆದು, 760 ದಾಟಿದರೆ ಬಂಡೆ. ಆದರೆ ಲಾಸ್ ಏಂಜಲೀಸ್ ಅಥವಾ ಸಿಯಾಟಲ್‌ನಂತೆ ಕಿಲೋಮೀಟರುಗಟ್ಟಲೆ ಮೆಕ್ಕಲು ತುಂಬಿದಲ್ಲಿ ಇದೊಂದೇ ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬೋಗುಣಿಯ ನೀರಿನಂತೆ ಅಲೆಗಳು ಅಂಚಿನಿಂದ ಅಂಚಿಗೆ ಬಡಿದು ಒಳಗೇ ಉಳಿಯುತ್ತವೆ, ಕಂಪನ ಬಹು ಹೊತ್ತು ಎಳೆಯುತ್ತದೆ. 2015ರಲ್ಲಿ ಕಠ್ಮಂಡು ಕಣಿವೆ 4-5 ಸೆಕೆಂಡಿನ ನಿಧಾನ ಲಯದಲ್ಲಿ ತೂಗಿತು. ಅಂಚುಗಳನ್ನೂ ಬಿಡಬೇಡಿ: 1995ರ ಜಪಾನಿನ ಕೋಬೆ ಭೂಕಂಪದಲ್ಲಿ ವಿನಾಶವು ಬಂಡೆ ಮತ್ತು ಮೆಕ್ಕಲು ಕೂಡುವ ಗಡಿಯ ಬದಿಯಲ್ಲಿ ಪಟ್ಟಿಯಾಗಿ ಹಬ್ಬಿತ್ತು.

ನಕ್ಷೆಯಲ್ಲಿ ಸ್ತರಭಂಗದ ಗೆರೆ ಇಲ್ಲವೆಂದರೆ ನೆಲದಡಿಯಲ್ಲಿ ಸ್ತರಭಂಗವೇ ಇಲ್ಲವೆಂದಲ್ಲ. ಮೆಕ್ಕಲು ಅದನ್ನು ಮುಚ್ಚಿರುತ್ತದೆ. 2011ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 185 ಜನರನ್ನು ಬಲಿತೆಗೆದುಕೊಂಡ ಸ್ತರಭಂಗ ಅಂಥದ್ದೇ. ಇಂಥದನ್ನು ಹುಡುಕಲು ತೈಲ ಶೋಧನೆಗಾಗಿ ತೆಗೆದ ಭೂಗರ್ಭದ ಚಿತ್ರಗಳು ಬಹಳ ನೆರವಾಗುತ್ತವೆ. ಲಾಸ್ ಏಂಜಲೀಸ್ ಅಡಿಯ ಪುವೆಂಟೆ ಹಿಲ್ಸ್ ಸ್ತರಭಂಗ ಬೆಳಕಿಗೆ ಬಂದದ್ದು ಹೀಗೆಯೇ. ತೀರಾ ಮೇಲಿನ, ಅಂದರೆ ಇತ್ತೀಚಿನ ಪದರಗಳೂ ಬಾಗಿವೆಯೇ ಎಂಬುದನ್ನು ಗಮನಿಸಿ. ಬಾಗಿದ್ದರೆ ಸ್ತರಭಂಗ ಇನ್ನೂ ಜೀವಂತವಾಗಿರುವ ಸಾಧ್ಯತೆಯಿದೆ.

ಸಡಿಲ ಮರಳು ಮತ್ತು ಮೇಲಿನ ಮಟ್ಟದಲ್ಲೇ ಅಂತರ್ಜಲ ಇದ್ದರೆ ದ್ರವೀಕರಣದ (ಅಲುಗಾಟಕ್ಕೆ ನೀರು ತುಂಬಿದ ಮರಳು ದ್ರವದಂತಾಗುವುದರ) ಪರೀಕ್ಷೆ ಬೇಕೇ ಬೇಕು. ಲೆಕ್ಕಕ್ಕೆ ಮಳೆಗಾಲದ ನೀರಿನ ಮಟ್ಟ ಹಿಡಿಯಿರಿ. ಹಳೆಯ ನಕ್ಷೆಯಲ್ಲಿ ನದಿಯ ಬಿಟ್ಟ ಪಾತ್ರ, ಮುಚ್ಚಿದ ಕೆರೆ ಕಂಡರೆ ಅಲ್ಲಿಂದಲೇ ಶುರುಮಾಡಿ.

ಕೊನೆಗೆ ನೆಲದ ಅವಧಿಯ ನಕ್ಷೆಯ ಮೇಲೆ ಕಟ್ಟಡಗಳ ಅಂತಸ್ತಿನ ನಕ್ಷೆಯನ್ನಿಡಿ. ಅವಧಿಗಳು ಹೊಂದುವ ಕಟ್ಟಡಗಳ ಪಟ್ಟಿ ಮಾಡಿ, ರಚನಾ ಎಂಜಿನಿಯರ್‌ಗೆ ಕೊಡಿ. ಆಸ್ಪತ್ರೆ, ಶಾಲೆಗಳು ಮೊದಲು. ಅವುಗಳ ಬೆನ್ನಿಗೇ, ನೆಲ ಅಂತಸ್ತನ್ನು ವಾಹನ ನಿಲುಗಡೆಗೆ ಬಿಟ್ಟು ಗೋಡೆಯಿಲ್ಲದ ಬರೀ ಕಂಬಗಳ ಮೇಲೆ ನಿಂತ ವಸತಿ ಸಮುಚ್ಚಯಗಳು. 2001ರಲ್ಲಿ ಭುಜ್ ಭೂಕಂಪದ ಕೇಂದ್ರದಿಂದ 200 ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನ ಮೆಕ್ಕಲು ನೆಲದಲ್ಲಿ ಕುಸಿದವುಗಳಲ್ಲಿ ಇಂಥವೇ ಹೆಚ್ಚು.