ದುಬೈಯಲ್ಲಿ ಶಾಲೆ ಹುಡುಕಿದ್ದು, ಉಡುಪಿಯ ಪಿಯುಸಿ ಲೆಕ್ಕ ಹಾಕಿ

ದುಬೈಗೆ ಹೊರಟವರು ಈಗಲೂ ನನಗೆ ಫೋನ್ ಮಾಡಿ ಕೇಳುವುದು ಒಂದೇ: "ಅಕ್ಕಾ, ಮಕ್ಕಳಿಗೆ ಯಾವ ಶಾಲೆ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ, "ಪಿಯುಸಿ ಎಲ್ಲಿ ಮಾಡಿಸ್ತೀರಿ?" ಯುಕೆಜಿ ಮಗುವಿನ ತಾಯಿಗೆ ಇದು ಅಧಿಕಪ್ರಸಂಗ ಅನ್ನಿಸಬಹುದು. ಆದರೆ ನಾವು ಶಾಲೆ ಆರಿಸಿದ್ದು ಆ ತುದಿಯಿಂದಲೇ.

ಅಲ್ಲಿ ನಮ್ಮಂಥವರದ್ದು ಕೆಲಸ ಇದ್ದಷ್ಟು ದಿನದ ವೀಸಾ. ಮಕ್ಕಳು ಒಂದಲ್ಲ ಒಂದು ದಿನ ಉಡುಪಿಗೆ ಬರಬೇಕಾದವರೇ ಎಂದು ನಾನೂ ಯಜಮಾನರೂ ಮೊದಲೇ ಮಾತಾಡಿಕೊಂಡಿದ್ದೆವು. ಹಾಗಾಗಿ ಸಿಬಿಎಸ್‌ಇ. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳ ಕ್ಯಾಂಪಸ್ ನೋಡಿದರೆ ಆಸೆ ಹುಟ್ಟುತ್ತದೆ, ಫೀಸು ನೋಡಿದರೆ ಇಳಿಯುತ್ತದೆ. ಫೀಸು ಬಿಡಿ, ಅವರ ವರ್ಷ ಸೆಪ್ಟೆಂಬರಿನಲ್ಲಿ ಶುರು, ಭಾರತೀಯ ಶಾಲೆಗಳದ್ದು ಏಪ್ರಿಲ್‌ನಲ್ಲಿ. ಕೆಲಸ ಹೋಗಿ ದಿಢೀರನೆ ಊರಿಗೆ ಬಂದರೆ ಮಗು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಮುಂದೆ ಇಂಗ್ಲೆಂಡಿಗೋ ಕೆನಡಾಕ್ಕೋ ಹೋಗುವವರ ಲೆಕ್ಕ ಬೇರೆ, ಅವರು ಅದನ್ನೇ ಆರಿಸಲಿ.

ದುಬೈಯಲ್ಲಿ ಒಂದು ಅನುಕೂಲ ಉಂಟು. ಕೆಎಚ್‌ಡಿಎ ಎಂಬ ಸರಕಾರಿ ಪ್ರಾಧಿಕಾರ ಖಾಸಗಿ ಶಾಲೆಗಳ ತಪಾಸಣಾ ವರದಿಯನ್ನು ಯಾರು ಬೇಕಾದರೂ ಓದುವ ಹಾಗೆ ಹಾಕುತ್ತದೆ. ಹೆಚ್ಚಿನವರು ನೋಡುವುದು ಮೇಲಿನ ಒಂದು ಪದ ಮಾತ್ರ: ಔಟ್‌ಸ್ಟ್ಯಾಂಡಿಂಗ್, ವೆರಿ ಗುಡ್, ಗುಡ್, ಅಕ್ಸೆಪ್ಟಬಲ್. ನಾನು ಒಳಗಿನ ಕೋಷ್ಟಕ ಓದಿದೆ. ಕೆಜಿ, ಪ್ರೈಮರಿ, ಮಿಡ್ಲ್, ಸೆಕೆಂಡರಿ ಎಂದು ಬೇರೆ ಬೇರೆ ಕಾಲಂ, ಗಣಿತ, ವಿಜ್ಞಾನ, ಇಂಗ್ಲಿಷ್‌ಗೆ ಬೇರೆ ಬೇರೆ ದರ್ಜೆ. ಒಂದು ಶಾಲೆಗೆ ಒಟ್ಟಾರೆ ಗುಡ್ ಸಿಕ್ಕಿತ್ತು, ಆದರೆ ನಮ್ಮ ಮಗಳು ಸೇರಬೇಕಾದ ಪ್ರೈಮರಿಯ ಗಣಿತಕ್ಕೆ ಬರೀ ಅಕ್ಸೆಪ್ಟಬಲ್. ಅದನ್ನು ಬಿಟ್ಟೆವು. ಅದೇ ವರದಿಯಲ್ಲಿ ಶೇಕಡ ಎಷ್ಟು ಟೀಚರುಗಳು ಶಾಲೆ ಬಿಟ್ಟು ಹೋದರು ಎಂಬ ಲೆಕ್ಕವೂ ಇತ್ತು. ನನ್ನ ಮಟ್ಟಿಗೆ ಈಜುಕೊಳಕ್ಕಿಂತ ದೊಡ್ಡ ವಿಷಯ ಅದು. ವರದಿ ಯಾವ ವರ್ಷದ್ದು ಎಂದೂ ನೋಡಿಕೊಳ್ಳಿ.

ಬಾಡಿಗೆ ಕಡಿಮೆ ಎಂದು ಶಾರ್ಜಾದಲ್ಲಿ ಮನೆ ಮಾಡಿ ಮಕ್ಕಳನ್ನು ದುಬೈಗೆ ಕಳಿಸುವವರು ಎಷ್ಟೋ ಮಂದಿ. ಆ ರಸ್ತೆಯ ಬೆಳಗ್ಗಿನ ಟ್ರಾಫಿಕ್ಕಿಗೆ ಹೆದರಿ ನಾವು ದುಬೈಯ ಖಿಸೈಸ್‌ನಲ್ಲೇ, ಶಾಲೆಯ ಹತ್ತಿರ ಚಿಕ್ಕ ಫ್ಲ್ಯಾಟ್ ಹಿಡಿದೆವು. ಶಾರ್ಜಾದಲ್ಲೇ ಶಾಲೆಗೆ ಹಾಕುವವರಿಗೆ ಇನ್ನೊಂದು ಮಾತು: 2022ರಿಂದ ಅಲ್ಲಿ ಶುಕ್ರವಾರವೂ ರಜೆ. ಗಂಡ ಹೆಂಡತಿ ಇಬ್ಬರೂ ದುಬೈ ಆಫೀಸಿಗೆ ಹೋಗುವವರಾದರೆ ಅಂದು ಮಕ್ಕಳನ್ನು ನೋಡಿಕೊಳ್ಳುವವರು ಯಾರು?

ಅರಬಿಕ್ ಒಂಬತ್ತನೇ ಕ್ಲಾಸಿನವರೆಗೆ ಕಡ್ಡಾಯ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಮಕ್ಕಳು ಕಲಿಯುತ್ತವೆ. ಮನೆಯಲ್ಲಿ ತುಳು, ಹೊರಗೆ ಇಂಗ್ಲಿಷ್, ಕನ್ನಡ ಮಾತ್ರ ನಡುವೆ ಜಾರಿ ಹೋಗುತ್ತದೆ. ದುಬೈಯಲ್ಲಿ ಕನ್ನಡ ಮಿತ್ರರು ಉಚಿತವಾಗಿ ನಡೆಸುವ ಕನ್ನಡ ಪಾಠಶಾಲೆ ಉಂಟು, ಕಳಿಸಿ.

ಇನ್ನು ಸಿಇಟಿ, ಅಂದರೆ ಇಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ಕರ್ನಾಟಕ ನಡೆಸುವ ಪ್ರವೇಶ ಪರೀಕ್ಷೆ. ಗಲ್ಫ್‌ನಲ್ಲಿರುವ ನಮ್ಮವರಲ್ಲಿ ಎಷ್ಟೋ ಜನರಿಗೆ ಇದು ಗೊತ್ತಾಗುವುದೇ ತಡವಾಗಿ. ರಾಜ್ಯದ ಸರಕಾರಿ ಕೋಟಾದ ಸೀಟು ಬೇಕಾದರೆ ಮಗು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂದರೂ ರಾಜ್ಯದ ಕೋಟಾಕ್ಕೆ ಈ ಅರ್ಹತೆ ಕೇಳುತ್ತಾರೆ. ಅಷ್ಟು ವರ್ಷ ಓದದವರಿಗೂ ದಾರಿ ಉಂಟು: ಎರಡು ವರ್ಷದ ಪಿಯುಸಿ ಇಲ್ಲೇ ಮಾಡಬೇಕು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ 7 ವರ್ಷ ಓದಿರಬೇಕು. ನಾವು ಹಿಡಿದದ್ದು ಈ ದಾರಿ. ಮಗಳು ಹತ್ತನೇ ಪರೀಕ್ಷೆ ದುಬೈಯಲ್ಲಿ ಬರೆದು ಉಡುಪಿಯಲ್ಲಿ ಪಿಯುಸಿಗೆ ಸೇರಿದಳು.

ಅದಕ್ಕೆ ನನ್ನ ವ್ಯಾಸಂಗ ಪ್ರಮಾಣಪತ್ರ ಬೇಕಾಯಿತು. ನಾನು ಓದಿದ ಕನ್ನಡ ಶಾಲೆಯ ಹೆಡ್ ಮಾಸ್ಟ್ರು ಹಳೆಯ ದಾಖಲಾತಿ ಪುಸ್ತಕ ತೆಗೆದು, ಮಾಸಿದ ಶಾಯಿಯಲ್ಲಿ ನನ್ನ ಹೆಸರು ಹುಡುಕಿ ಬರೆದುಕೊಟ್ಟರು. ಅದರ ಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯೂ ಆಗಬೇಕು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಾದರೆ ದಾಖಲೆ ಎಲ್ಲಿಗೆ ಹೋಗಿದೆ ಎಂದು ಬಿಇಒ ಆಫೀಸಿನಲ್ಲೇ ವಿಚಾರಿಸಬೇಕು. ಮುಂದಿನ ಸಲ ರಜೆಯಲ್ಲಿ ಊರಿಗೆ ಬಂದಾಗಲೇ ಈ ಕಾಗದ ಮಾಡಿಸಿಟ್ಟುಕೊಳ್ಳಿ.