ಬೆಸುಗೆ ಮುಟ್ಟದೆ ಹಳೆಯ ಸ್ಟ್ರ್ಯಾಟೊಕ್ಯಾಸ್ಟರ್ ಸರಿಪಡಿಸುವುದು: ನನ್ನ ಅನುಭವ

ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಸ್ಟ್ರ್ಯಾಟೊಕ್ಯಾಸ್ಟರ್ ಬಂದದ್ದು 1954ರಲ್ಲಿ. ಸಿಬಿಎಸ್ ಕಂಪನಿ ಫೆಂಡರನ್ನು ಕೊಂಡದ್ದು 1965ರ ಜನವರಿಯಲ್ಲಿ. ಈ ಎರಡರ ನಡುವೆ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ತಯಾರಾದ ಗಿಟಾರ್‌ಗಳ ಬೆಲೆ ನಿಂತಿರುವುದು ಅವುಗಳ ಒಳಗನ್ನು ಯಾರೂ ಕೆದಕಿಲ್ಲ ಎಂಬುದರ ಮೇಲೆ. ಕಾರ್ಖಾನೆಯ ಬೆಸುಗೆಯನ್ನು ಒಮ್ಮೆ ಕರಗಿಸಿದರೆ ಮತ್ತೆ ಅದೇ ಬೆಸುಗೆ ಬರುವುದಿಲ್ಲ. ಹಾಗಾಗಿ ಸೋಲ್ಡರಿಂಗ್ ಐರನ್ ನನ್ನ ಮೇಜಿನ ಮೇಲೆ ಕೊನೆಗೆ ಬರುವ ಸಾಧನ.

ಬಿಚ್ಚುವ ಮೊದಲೇ ಮೂರೂ ಪಿಕಪ್‌ಗಳ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಕಾಯಿಲ್‌ಗಳ) ರೋಧವನ್ನು ಅಳೆಯುತ್ತೇನೆ. ಜಾಕ್‌ಗೆ ಒಂದು ಕೇಬಲ್ ಹಾಕಿ, ವಾಲ್ಯೂಮ್ 10ಕ್ಕೆ ತಿರುಗಿಸಿ, ಕೇಬಲ್‌ನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ ಸಾಕು. ಆಗಿನದು ಮೂರು ಸ್ಥಾನದ ಸ್ವಿಚ್. ಒಂದೊಂದು ಸ್ಥಾನಕ್ಕೆ ಒಂದೊಂದೇ ಪಿಕಪ್. ಕಾಯಿಲ್‌ಗೆ ಸಮಾನಾಂತರವಾಗಿ 250 ಕಿಲೋಓಮ್‌ನ ವಾಲ್ಯೂಮ್ ಪಾಟ್ (ತಿರುಗಿಸಿದಂತೆ ಬದಲಾಗುವ ರೋಧಕ) ಇರುವುದರಿಂದ 6 ಕಿಲೋಓಮ್‌ನ ಪಿಕಪ್ ಸುಮಾರು 5.86 ಎಂದು ತೋರಿಸುತ್ತದೆ. ತಾಮ್ರದ ರೋಧ ಬಿಸಿಲಿಗೂ ಏರುತ್ತದೆ, 10 ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಡಿಮೆ ಶೇ. 4ರಷ್ಟು. ಬೆಳಿಗ್ಗೆಯ ಅಳತೆಯನ್ನು ಮಧ್ಯಾಹ್ನದ್ದರ ಜೊತೆ ಹೋಲಿಸಿ ಪಿಕಪ್ ಕೆಟ್ಟಿದೆ ಎನ್ನಬಾರದು. 5.5ರಿಂದ 6.5ರೊಳಗೆ ಬಂದರೆ ನಾನು ಮುಂದೆ ಹೋಗುತ್ತೇನೆ. ಒಂದು ಸ್ಥಾನದಲ್ಲಿ ಮಾತ್ರ ಸುಮಾರು 250 ಬಂದರೆ ಮೀಟರ್ ಓದುತ್ತಿರುವುದು ಪಾಟನ್ನು: ಒಂದೋ ಸ್ವಿಚ್‌ನಲ್ಲಿ ಕೊಳೆ, ಇಲ್ಲವೇ ಕಾಯಿಲ್ ತುಂಡಾಗಿದೆ. ಸುತ್ತಿರುವ ತಂತಿ 42 ಗೇಜ್, ದಪ್ಪ 0.063 ಮಿ.ಮೀ. ಅದನ್ನು ನೇರವಾಗಿ ಆಲ್ನಿಕೊ ಅಯಸ್ಕಾಂತದ ಕಡ್ಡಿಗಳ ಮೇಲೇ ಸುತ್ತಿರುವುದರಿಂದ, ಬೆವರು ಇಳಿದು ಕಡ್ಡಿ ತುಕ್ಕು ಹಿಡಿದರೆ ಒಳಪದರದ ತಂತಿಯನ್ನೂ ತಿನ್ನುತ್ತದೆ. ಐಲೆಟ್ (ತಂತಿಯ ತುದಿ ಬೆಸೆಯುವ ಪುಟ್ಟ ಲೋಹದ ಕಣ್ಣು) ಹತ್ತಿರ ತುಂಡಾಗಿದ್ದರೆ ಸೇರಿಸಬಹುದು. ಒಳಗೆ ತುಂಡಾಗಿದ್ದರೆ ಮತ್ತೆ ಸುತ್ತಿಸದೆ ದಾರಿಯಿಲ್ಲ.

ಪಿಕಪ್, ಪಾಟ್‌ಗಳನ್ನು ಹೊತ್ತ ಮುಂಭಾಗದ ಫಲಕ, ಅಂದರೆ ಪಿಕ್‌ಗಾರ್ಡ್ ತೆಗೆಯುವಾಗ ನಾನು ಅವಸರ ಮಾಡುವುದೇ ಇಲ್ಲ. 1959ರಿಂದ 11 ಸ್ಕ್ರೂಗಳ ಮೂರು ಪದರದ ಗಾರ್ಡ್ ಬಂತು. ಅದು ಸೆಲ್ಯುಲಾಯ್ಡ್, ವರ್ಷ ಕಳೆದಂತೆ ಹಸಿರು ಛಾಯೆಗೆ ತಿರುಗಿ ಕುಗ್ಗುತ್ತದೆ. ಕುಗ್ಗಿದಾಗ ಅದರ ತೂತುಗಳು ಮರದ ತೂತುಗಳಿಂದ ಸರಿದಿರುತ್ತವೆ, ಸ್ಕ್ರೂಗಳು ಓರೆಯಾಗಿ ಬಿಗಿದು ನಿಂತಿರುತ್ತವೆ. ಎಲ್ಲವನ್ನೂ ಅರ್ಧರ್ಧ ಸುತ್ತು ಸಡಿಲಿಸಿ, ಆಮೇಲೆ ಒಂದೊಂದಾಗಿ ತೆಗೆಯಬೇಕು. ವಾಪಸ್ ಹಾಕುವಾಗ ತೂತಿಗೆ ಕೂರದ ಸ್ಕ್ರೂವನ್ನು ಒತ್ತಿ ಕೂರಿಸಿದರೆ ಗಾರ್ಡ್ ಮೂಲೆಯಲ್ಲಿ ಸೀಳುತ್ತದೆ. ಅಂಥ ಸ್ಕ್ರೂವನ್ನು ಪೊಟ್ಟಣ ಕಟ್ಟಿ ಕೇಸಿನಲ್ಲಿಡುವುದು ಮೇಲು. ಸೆಲ್ಯುಲಾಯ್ಡ್ ಬೇಗ ಹೊತ್ತಿಕೊಳ್ಳುವ ವಸ್ತು, ಕಾದ ಐರನ್ ಅದರ ಹತ್ತಿರ ಸುಳಿಯಬಾರದು.

ಗಾರ್ಡ್ ಮಗುಚಿದರೆ ಪಾಟ್‌ಗಳ ಮೇಲಿನ ಅಂಕಿ ಕಾಣುತ್ತದೆ. ಮೊದಲ ಮೂರು ಅಂಕಿ ಪಾಟ್ ತಯಾರಿಸಿದ ಕಂಪನಿಯದು: 304 ಎಂದರೆ ಸ್ಟ್ಯಾಕ್‌ಪೋಲ್, 137 ಎಂದರೆ ಸಿಟಿಎಸ್. 304 6320 ಎಂದಿದ್ದರೆ 1963ರ 20ನೇ ವಾರ. ಗಿಟಾರ್ ಆ ವಾರಕ್ಕಿಂತ ಹಳೆಯದಾಗಿರಲಾರದು ಎಂದಷ್ಟೇ ಇದರ ಅರ್ಥ, ಏಕೆಂದರೆ ಪಾಟ್‌ಗಳು ಕಾರ್ಖಾನೆಯಲ್ಲಿ ದಾಸ್ತಾನಿರುತ್ತಿದ್ದವು. ನೆಕ್‌ನ ಹಿಮ್ಮಡಿಯ (ಗಿಟಾರಿನ ಒಡಲಿಗೆ ಸೇರುವ ತುದಿಯ) ದಿನಾಂಕ, ಪಾಟ್, ಪಿಕಪ್ ಮೂರೂ ಒಂದಕ್ಕೊಂದು ಹೊಂದಬೇಕು. ನೆಕ್ ಪ್ಲೇಟಿನ ಸೀರಿಯಲ್ ನಂಬರನ್ನು ನಾನು ಕೊನೆಗೆ ನೋಡುತ್ತೇನೆ: ಪ್ಲೇಟ್‌ಗಳನ್ನು ಕ್ರಮವಾಗಿ ಬಳಸುತ್ತಿರಲಿಲ್ಲ, ನಾಲ್ಕು ಸ್ಕ್ರೂ ಬಿಚ್ಚಿದರೆ ಯಾರು ಬೇಕಾದರೂ ಬದಲಿಸಬಹುದು.

ನೆಕ್‌ನ ಬಾಗು ತಿದ್ದುವ ಒಳಗಿನ ಲೋಹದ ಸರಳು, ಅಂದರೆ ಟ್ರಸ್ ರಾಡಿನ ತಿರುಪು ಹಿಮ್ಮಡಿಯಲ್ಲೇ ಇರುವುದರಿಂದ ನೆಕ್ ಕಳಚಲೇಬೇಕು. ನೆಕ್ ಕೂರುವ ಪಾಕೆಟ್‌ನಲ್ಲಿ ತೆಳು ರಟ್ಟಿನ ಚೂರು ಸಿಕ್ಕರೆ ಎಸೆಯಬೇಡಿ, ಅದು ನೆಕ್‌ನ ಕೋನ ಸರಿಪಡಿಸಲು ಕಾರ್ಖಾನೆಯಲ್ಲೇ ಇಟ್ಟ ಷಿಮ್ ಆಗಿರಬಹುದು. ರಾಡನ್ನು ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ, ನೆಕ್ ಜೋಡಿಸಿ, ತಂತಿ ಶ್ರುತಿ ಮಾಡಿ, ಒಂದು ರಾತ್ರಿ ಬಿಟ್ಟು ಅಳೆಯುತ್ತೇನೆ. ಗುರಿ 0.3 ಮಿ.ಮೀ. ಬಾಗು. ವಾಪಸ್ ಹಾಕುವಾಗ ಪ್ರತಿ ಸ್ಕ್ರೂವನ್ನು ಮೊದಲು ಹಿಮ್ಮುಖ ತಿರುಗಿಸಿ. ಹಳೆಯ ಎಳೆಗೆ ಕೂತಾಗ ‘ಟಕ್’ ಎನ್ನುತ್ತದೆ, ಆಮೇಲೆ ಬಿಗಿಮಾಡಿ. ಹಾಗಲ್ಲದೆ ನೇರ ತಿರುಗಿಸಿದರೆ ಮರದಲ್ಲಿ ಹೊಸ ಎಳೆ ಕೊರೆದು, ಎರಡು ಮೂರು ಸಲಕ್ಕೆ ತೂತೇ ಸಡಿಲವಾಗುತ್ತದೆ.

1959ರ ನಂತರದ ನೆಕ್‌ಗಳ ಬೆರಳುಹಲಗೆ ಬ್ರೆಜಿಲ್‌ನ ರೋಸ್‌ವುಡ್. 1992ರಿಂದ ಅದು ಅಳಿವಿನಂಚಿನ ಸಸ್ಯ-ಪ್ರಾಣಿಗಳ ವ್ಯಾಪಾರ ಕುರಿತ ಸೈಟ್ಸ್ ಒಪ್ಪಂದದ ಮೊದಲ ಅನುಬಂಧದಲ್ಲಿದೆ, ದಾಖಲೆಯಿಲ್ಲದೆ ಗಡಿ ದಾಟಿಸುವಂತಿಲ್ಲ. ವಿದೇಶದಿಂದ ತರಿಸುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಮುಂದೆ ಗಿಟಾರ್ ತಯಾರಕರು ಆ ಜಾಗಕ್ಕೆ ತಂದದ್ದು ಭಾರತದ ರೋಸ್‌ವುಡ್, ಅಂದರೆ ನಮ್ಮ ಪಶ್ಚಿಮ ಘಟ್ಟದ ಬೀಟೆ.

ಈ ಬೆರಳುಹಲಗೆಯ ದುಂಡು 7.25 ಇಂಚಿನ ತ್ರಿಜ್ಯದ್ದು. ತಂತಿ ತೀರಾ ತಗ್ಗಿಸಿದರೆ 12ನೇ ಫ್ರೆಟ್ಟಿನ (ಬೆರಳುಹಲಗೆಯ ಅಡ್ಡಪಟ್ಟಿಯ) ಆಚೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಸ್ವರ ಸಾಯುತ್ತದೆ, ಏಕೆಂದರೆ ಎಳೆದ ತಂತಿ ನಡುವಿನ ಉಬ್ಬಿಗೆ ತಾಗುತ್ತದೆ. ಫ್ರೆಟ್ ಕಿತ್ತು ಹಲಗೆ ಚಪ್ಪಟೆ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಆ ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ. 17ನೇ ಫ್ರೆಟ್ ಬಳಿ ದಪ್ಪ ತಂತಿ 2 ಮಿ.ಮೀ., ಸಣ್ಣ ತಂತಿ 1.6 ಮಿ.ಮೀ. ಎತ್ತರದಲ್ಲಿಟ್ಟರೆ ಬಹುಪಾಲು ತೊಂದರೆ ಹೋಗುತ್ತದೆ. ಕೊನೆಯ ಫ್ರೆಟ್ ಒತ್ತಿ ನೋಡಿದಾಗ ಪಿಕಪ್ ದಪ್ಪ ತಂತಿಗಿಂತ 2.4 ಮಿ.ಮೀ., ಸಣ್ಣ ತಂತಿಗಿಂತ 2 ಮಿ.ಮೀ. ಕೆಳಗಿರಲಿ. ಇನ್ನೂ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನು ಎಳೆದು ಒಂದೇ ಸ್ವರ ಎರಡಾಗಿ ನಡುಗುತ್ತದೆ, ಎಷ್ಟು ತಿದ್ದಿದರೂ ಶ್ರುತಿ ಕೂರುವುದಿಲ್ಲ.

ಕೆಲಸ ಮುಗಿದ ಗಿಟಾರನ್ನು ರಬ್ಬರ್ ಹಿಡಿಕೆಯ ಸ್ಟ್ಯಾಂಡಿನಲ್ಲಿ ನಿಲ್ಲಿಸಬೇಡಿ. ರಬ್ಬರಿನ ರಾಸಾಯನಿಕ ಗಿಟಾರಿನ ಮೇಲಿನ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಲೇಪವನ್ನು ಮೆತ್ತಗೆ ಮಾಡಿ ಕಲೆ ಬೀಳಿಸುತ್ತದೆ. ತಾಗುವ ಜಾಗಕ್ಕೆ ಹತ್ತಿ ಬಟ್ಟೆ ಸುತ್ತಿ.